ಅವ್ವ ಮತ್ತೆ ಮೀನು ತಿಂದ ವರ್ಷ

ಅವ್ವ ಅಮೆರಿಕದ ರೆಡ್ಮಂಡ್‌ಗೆ, ನಮ್ಮ ಮನೆಗೆ ಬಂದ ಮೊದಲ ವಾರ ಮನೆಯಿಂದ ಹೊರಗೆ ಕಾಲಿಡಲಿಲ್ಲ. ಏಪ್ರಿಲ್ ತಿಂಗಳ ಚಳಿ ಅವಳ ಮೈಗೆ ಹೊಸದು. ಸ್ವೆಟರಿನ ಮೇಲೆ ಶಾಲು, ಶಾಲಿನ ಮೇಲೆ ನನ್ನ ಗಂಡನ ಹಳೆಯ ಜಾಕೆಟ್ಟು ಹಾಕಿಕೊಂಡು ಮುಂಬಾಗಿಲ ಪಕ್ಕದ ಕಿಟಕಿಯಲ್ಲಿ ಕೂತಿರುತ್ತಿದ್ದಳು. ಕಿಟಕಿಯಿಂದ ಕಾಣುತ್ತಿದ್ದದ್ದು ಎದುರು ಮನೆ. ನಮ್ಮ ಬೀದಿಯಲ್ಲಿ ಉಳಿದವೆಲ್ಲ ಒಂದೇ ಅಚ್ಚಿನ ಮೂರಂತಸ್ತಿನ ಹೊಸ ಮನೆಗಳು. ಅದೊಂದು ಮಾತ್ರ ತಗ್ಗಾದ ಹಳೆಯ ಮರದ ಮನೆ. ಅದರ ಮುಂದೆ ಟ್ರೇಲರ್ ಮೇಲೆ ಒಂದು ದೋಣಿ, ಬೇಲಿಯ ಮೇಲೆ ಹರವಿದ ಹಸಿರು ಬಲೆ. ಅಲ್ಲಿ ಒಬ್ಬ ಅಜ್ಜಿ ಇದ್ದರು. ನಾವು ಆ ಬೀದಿಗೆ ಬಂದು ಎರಡು ವರ್ಷವಾಗಿದ್ದರೂ ಕಾರಿನೊಳಗಿನಿಂದ ಕೈ ಬೀಸಿದ್ದು ಬಿಟ್ಟರೆ ನಾನು ಅವರನ್ನು ಮಾತಾಡಿಸಿದವಳಲ್ಲ.

ನಾನು ಆಗ ಮಗಳ ಸ್ಕೂಲಿನಲ್ಲಿಯೇ ಮಕ್ಕಳಿಗೆ ಊಟ ಬಡಿಸುವ ಕೆಲಸ ಮಾಡುತ್ತಿದ್ದೆ. ಒಂದು ಮಧ್ಯಾಹ್ನ ಮಗಳನ್ನು ಕರೆದುಕೊಂಡು ಮನೆಗೆ ಬಂದರೆ ಬಾಗಿಲು ಹಾರುಹೊಡೆದಿತ್ತು. ಅವ್ವ ಇಲ್ಲ. ಮೇಲೆ ಕೆಳಗೆ ಹುಡುಕಿ, ಹಿತ್ತಲಿಗೆ ಹೋಗಿ ಕೂಗಿ, ಗಂಡನಿಗೆ ಕಾಲ್ ಮಾಡೋಣವೆಂದು ಫೋನ್ ಕೈಗೆ ತೆಗೆದುಕೊಂಡಾಗ ಮಗಳು ಕಿಟಕಿಯ ಬಳಿಯಿಂದ, "ಅಮ್ಮಾ, ಶಿ ಈಸ್ ಓವರ್ ದೇರ್" ಅಂದಳು.

ಎದುರು ಮನೆಯ ಅಂಗಳದಲ್ಲಿ ಬೋರಲು ಹಾಕಿದ ಬಕೆಟ್ಟಿನ ಮೇಲೆ ಅವ್ವ ಕೂತಿದ್ದಳು. ತೊಡೆಯ ಮೇಲೆ ಬಲೆ, ಕೈಯಲ್ಲಿ ಬಲೆ ಹೆಣೆಯುವ ಕಡ್ಡಿ. ಎದುರಿಗೆ ಆ ಅಜ್ಜಿ ಬಲೆಯ ಇನ್ನೊಂದು ತುದಿಯನ್ನು ಬಿಗಿಯಾಗಿ ಹಿಡಿದುಕೊಂಡಿದ್ದರು. ಇಬ್ಬರೂ ಮಾತಿಲ್ಲದೆ ತಲೆ ತಗ್ಗಿಸಿ ಕೆಲಸ ಮಾಡುತ್ತಿದ್ದರು.

"ಹೇಳ್ದೆ ಕೇಳ್ದೆ ಎಲ್ಲಿಗವ್ವ ಬಂದೆ?" ಅಂದೆ.

"ಎಲ್ಲಿಗೋಗಾನೆ ಮಗಾ, ಎದ್ರುಗೇ ಇದೀನಲ್ಲ. ಈ ಅಕ್ಕ ಬೆಳಿಗ್ಗಿಂದ ಒಬ್ಳೇ ಬಲೆ ಕಟ್ತಾ ಕೂತಿದ್ಲು. ನೋಡ್ಕಂಡು ಸುಮ್ಕೆ ಕೂರಕ್ಕಾಯ್ತದಾ?"

ಅಜ್ಜಿ ತಲೆಯೆತ್ತಿ ನನ್ನನ್ನು ನೋಡಿದರು. ಎರಡು ಜಡೆ, ದಪ್ಪ ಕನ್ನಡಕ, ಮೊಣಕೈವರೆಗೆ ಮಡಿಚಿದ ಚೌಕಳಿ ಅಂಗಿ. "ಇವರ ಹೆಸರು ಅವ್ವ ಅಲ್ವಾ?" ಅಂತ ಇಂಗ್ಲಿಷಿನಲ್ಲಿ ಕೇಳಿದರು. ನಾನು ದಿನಾ ಬಾಗಿಲಲ್ಲಿ ನಿಂತು ಕರೆಯುವುದನ್ನು ಕೇಳಿಸಿಕೊಂಡಿದ್ದರಂತೆ. ಅದು ಹೆಸರಲ್ಲ, ಅಮ್ಮ ಅಂತ ಅರ್ಥ ಎಂದೆ. ಅವರು ಸ್ವಲ್ಪ ಯೋಚಿಸಿ, "ಇರಲಿ. ಇಷ್ಟು ವಯಸ್ಸಾದವರು ಎಲ್ಲರಿಗೂ ಅಮ್ಮನೇ" ಎಂದರು. ಅಂದಿನಿಂದ ಅವರ ಬಾಯಲ್ಲಿ ಅವಳು ಅವ್ವ, ಅವಳ ಬಾಯಲ್ಲಿ ಇವರು ಅಕ್ಕ.

ನಮ್ಮದು ಕಾವೇರಿ ದಡದ ಬೆಸ್ತರ ಕೇರಿ. ಅಪ್ಪ ಬೆಳಿಗ್ಗೆ ಮೀನು ಹಿಡಿಯುತ್ತಿದ್ದ, ಹಗಲು ತೆಪ್ಪದಲ್ಲಿ ಜನರನ್ನು ಆಚೆ ದಡಕ್ಕೆ ಮುಟ್ಟಿಸುತ್ತಿದ್ದ. ನಾನು ನಡೆಯುವುದಕ್ಕೆ ಮೊದಲೇ ತೆಪ್ಪದಲ್ಲಿ ಕೂರುವುದು ಕಲಿತೆ ಅಂತ ಅವ್ವ ಹೇಳುತ್ತಿದ್ದಳು. ಹೊಳೆಯ ಜೊತೆ ಬದುಕುವುದಕ್ಕೆ ನಮ್ಮಲ್ಲಿ ನೂರೆಂಟು ಕಟ್ಟಳೆ. ಬಲೆ ದಾಟಬಾರದು. ನೀರಿನ ಮೇಲೆ ಯಾರ ಹೆಸರನ್ನೂ ಹಿಡಿದು ಕೂಗಬಾರದು, ಕೂಗಿದರೆ ಹೊಳೆ ಆ ಹೆಸರನ್ನು ಕಲಿತುಬಿಡುತ್ತದೆ. ಹೊಸ ಬಲೆಗೆ ಬಿದ್ದ ಮೊದಲ ಮೀನು ಮಾರಾಟಕ್ಕಲ್ಲ. ಅದನ್ನು ಗಂಗಮ್ಮನಿಗೆ ತೋರಿಸಿ ಕೇರಿಯವರೆಲ್ಲ ಚೂರು ಚೂರು ಹಂಚಿಕೊಂಡು ತಿನ್ನಬೇಕು. ಮುಂಗಾರಿನಲ್ಲಿ ಹೊಳೆ ಕೆಂಪಾಗಿ ಬಂದಾಗ ಗಂಗಮ್ಮ ಮೈನೆರೆದಿದ್ದಾಳೆ ಎಂದು ಬಲೆ ಮೇಲಿಟ್ಟು, ಹೆಂಗಸರೆಲ್ಲ ಹೋಗಿ ಅರಿಸಿನ, ಕುಂಕುಮ, ಹಸಿರು ಬಳೆ, ಮಡಿಲಕ್ಕಿಯನ್ನು ನೀರಿಗೆ ಬಿಡುತ್ತಿದ್ದರು. ಅವ್ವನೇ ಮುಂದಾಳು. ಸೊಂಟದ ಮಟ್ಟ ನೀರಿನಲ್ಲಿ ನಿಂತು, ಹೆರಿಗೆಗೆ ಬಂದ ಮಗಳನ್ನು ಮಾತಾಡಿಸುವ ಹಾಗೆ ಹೊಳೆಯನ್ನು ಮಾತಾಡಿಸುತ್ತಿದ್ದಳು. ಅವಳು ನೀರಿನಿಂದ ಮೇಲೆ ಬಂದಾಗ ಒದ್ದೆ ಸೀರೆಯ ಅರಿಸಿನದ ವಾಸನೆಗೆ ನಾನು ಅವಳ ಕಾಲು ತಬ್ಬಿಕೊಳ್ಳುತ್ತಿದ್ದೆ.

ನಾನು ಕಾಲೇಜಿನಲ್ಲಿದ್ದಾಗ ಒಂದು ಮಳೆಗಾಲ ಮೇಲಿನ ಅಣೆಕಟ್ಟಿನಿಂದ ನೀರು ಬಿಟ್ಟರು. ನಡುಗಡ್ಡೆಯಲ್ಲಿ ದನ ಮೇಯಿಸಲು ಹೋಗಿದ್ದ ಗಂಡ ಹೆಂಡತಿ ಸಿಕ್ಕಿಕೊಂಡಿದ್ದರು. ಅಪ್ಪ ತೆಪ್ಪ ಹಾಕಿಕೊಂಡು ಹೋಗಿ ಇಬ್ಬರನ್ನೂ ದಡಕ್ಕೆ ತಂದ. ಅವರ ಕರು ಅಲ್ಲೇ ಉಳಿದಿತ್ತು. ಅದನ್ನು ತರಲು ಮತ್ತೆ ಹೋದವನು ಬರಲಿಲ್ಲ. ಕೆಲವು ದಿನಗಳ ಮೇಲೆ ಕೆಳಗಿನ ಊರಿನ ಮಡುವಿನಲ್ಲಿ ಸಿಕ್ಕಿದ. ಮೈಯನ್ನು ಅವ್ವನಿಗೆ ಪೂರ್ತಿ ತೋರಿಸಲಿಲ್ಲ. ಆದರೂ ಯಾರೋ ಮೆಲ್ಲಗೆ ಆಡಿಕೊಂಡ ಮಾತು ಅವಳ ಕಿವಿಗೆ ಬಿತ್ತು: ಮೀನು ಮುಟ್ಟಿವೆ ಅಂತ.

ಅವತ್ತಿಗೆ ಅವ್ವ ಮೀನು ಬಿಟ್ಟಳು. ಹೊಳೆಗೆ ಹೋಗುವುದನ್ನೂ ಬಿಟ್ಟಳು. ಹರಕೆ ಅಲ್ಲ, ಶಪಥ ಅಲ್ಲ. ಯಾರೂ ಬಿಡು ಎನ್ನಲಿಲ್ಲ, ಯಾರೂ ತಿನ್ನು ಎಂದೂ ಹೇಳಲಿಲ್ಲ. ನನ್ನ ತಮ್ಮನಿಗೆ ಮೀನು ಸಾರು ಮಾಡಿ ಬಡಿಸಿ, ತಾನು ಉಪ್ಪಿನಕಾಯಿ ನೆಂಚಿಕೊಂಡು ಮುದ್ದೆ ನುಂಗಿ ಏಳುತ್ತಿದ್ದಳು. ತಮ್ಮನಿಗೆ ಮದುವೆಯಾಗಿ ಮನೆ ತುಂಬಿತು, ನನಗೆ ಮದುವೆಯಾಗಿ ನಾನು ಇಲ್ಲಿಗೆ ಬಂದೆ, ಮಗಳಿಗೆ ಎಂಟು ತುಂಬಿತು. ಅವ್ವನ ತಟ್ಟೆ ಹಾಗೇ ಇತ್ತು.

ಆ ವಸಂತದಲ್ಲಿ ಅವಳು ದಿನಾ ಬೀದಿ ದಾಟಿ ಹೋಗತೊಡಗಿದಳು. ಬಲೆ ಅಜ್ಜಿಯ ಅಕ್ಕನ ಮಗಳದು; ಅವಳು ಸಿಯಾಟಲ್‌ಗೆ ದಕ್ಷಿಣದಲ್ಲಿ ತಮ್ಮ ಮೂಲನಿವಾಸಿ ಜನರ ನದಿಯ ಹತ್ತಿರವೇ ಮನೆ ಮಾಡಿಕೊಂಡು ಮೀನು ಹಿಡಿಯುತ್ತಿದ್ದಳು. ಹರಿದ ಬಲೆಗಳು ಮಾತ್ರ ರಿಪೇರಿಗೆ ಇಲ್ಲಿಗೆ ಬರುತ್ತಿದ್ದವು. ನಮ್ಮ ಕನ್ನಡದ ಗೆಳತಿಯರು ಸಿಕ್ಕಾಗ, "ಅಮ್ಮ ಇಡೀ ದಿನ ಏನ್ಮಾಡ್ತಾರೆ, ಬೋರ್ ಆಗಲ್ವಾ ಅವ್ರಿಗೆ?" ಅಂತ ಕೇಳುತ್ತಿದ್ದರು. "ಬಲೆ ಹೆಣೀತಾರೆ" ಅಂದರೆ ತಮಾಷೆ ಎಂದುಕೊಂಡು ನಗುತ್ತಿದ್ದರು.

ಶನಿವಾರಗಳಲ್ಲಿ ನಾನು ಹೋಗಿ ಕೂತರೆ ಇಬ್ಬರ ಮಾತಿಗೂ ಸೇತುವೆ ಸಿಗುತ್ತಿತ್ತು. ಇಡೀ ವಾರ ಕೂಡಿಟ್ಟುಕೊಂಡ ಪ್ರಶ್ನೆಗಳನ್ನೆಲ್ಲ ಅವ್ವ ಒಮ್ಮೆಲೇ ಕೇಳುತ್ತಿದ್ದಳು. ನಿಮ್ಮ ಹೊಳೆಗೆ ದೇವರು ಯಾರು? ಮಕ್ಕಳಿಗೆ ಮೊದಲು ಈಜು ಯಾರು ಕಲಿಸ್ತಾರೆ? ಅಜ್ಜಿ ಅವಸರವಿಲ್ಲದೆ ಉತ್ತರ ಕೊಡುತ್ತಿದ್ದರು. ಅವರಿಗೆ ಅದನ್ನೆಲ್ಲ ಹೇಳಿದವರು ಅವರ ಅಜ್ಜಿ. ಸಾಲ್ಮನ್ ಮೀನುಗಳು ನಿಜಕ್ಕೂ ಮನುಷ್ಯರು. ಸಮುದ್ರದ ಅಡಿಯಲ್ಲಿ ನಮ್ಮ ಹಾಗೆಯೇ ಮನೆ ಕಟ್ಟಿಕೊಂಡು ಇರುತ್ತಾರೆ. ವರ್ಷಕ್ಕೊಮ್ಮೆ ಮೀನಿನ ಅಂಗಿ ತೊಟ್ಟು ನದಿ ಹತ್ತಿ ಬರುತ್ತಾರೆ, ತಮ್ಮ ಮೈಯನ್ನು ನಮಗೆ ಊಟಕ್ಕೆ ಕೊಡುತ್ತಾರೆ. ತಿಂದಾದ ಮೇಲೆ ಮುಳ್ಳನ್ನು ಒಂದೂ ಬಿಡದೆ ನೀರಿಗೆ ಹಿಂತಿರುಗಿಸಬೇಕು. ಆಗ ಅವರು ಮನೆಗೆ ಹೋಗಿ ಮತ್ತೆ ಮನುಷ್ಯರಾಗುತ್ತಾರೆ. ಒಂದು ಮುಳ್ಳು ಕಳೆದರೂ ಅಲ್ಲಿ ಒಬ್ಬರು ಕುಂಟುತ್ತಾರೆ.

ಒಂದು ಸಲ ನನ್ನ ಮಗಳು ನೆಲದಲ್ಲಿ ಹರವಿದ್ದ ಬಲೆಯ ಮೇಲೆ ಹಾರಿ ಹೋಗಲು ನೋಡಿದಾಗ ಅವ್ವ ಅವಳ ಕೈ ಹಿಡಿದು ಎಳೆದಳು. ಅದೇ ಗಳಿಗೆಗೆ ಅಜ್ಜಿ ಇನ್ನೊಂದು ಕೈ ಹಿಡಿದು ಎಳೆದಿದ್ದರು. ಮಗಳು ನಡುವೆ ನಿಂತು, "ವಾಟ್ ಡಿಡ್ ಐ ಡೂ?" ಅಂದಳು. ಮುದುಕಿಯರಿಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡು ತುಂಬಾ ಹೊತ್ತು ನಕ್ಕರು.

ಜೂನ್‌ನಲ್ಲಿ ಅಜ್ಜಿ ನಮ್ಮನ್ನೆಲ್ಲ ನದಿಗೆ ಕರೆದರು. ಆ ವರ್ಷದ ಮೊದಲ ಸಾಲ್ಮನ್‌ಗೆ ಮಾಡುವ ಮರ್ಯಾದೆ, ಮನೆಮಂದಿ ಮಾತ್ರ ಸೇರುವುದು, ಫೋಟೊ ತೆಗೆಯಬಾರದು ಎಂದರು. ಅವ್ವ ಹೊರಡುವುದಕ್ಕೆ ಹಿಂದೆ ಮುಂದೆ ನೋಡಿದಳು. "ನಾನ್ಯಾಕವ್ವ ಹೊಳೆತಾವ್ಕೆ" ಅಂದಳು. ಆದರೆ ಅಕ್ಕ ಕರೆದಿದ್ದಾಳೆ, ಹೋಗದಿದ್ದರೆ ಚೆನ್ನಾಗಿರುವುದಿಲ್ಲ ಎಂದು ಕೊನೆಗೆ ಮದುವೆ ಮನೆಗಳಿಗೆ ಉಡುವ ಹಸಿರು ಸೀರೆ ಉಟ್ಟು, ಕಾಲಿಗೆ ಸ್ಪೋರ್ಟ್ಸ್ ಶೂ ಹಾಕಿಕೊಂಡು ಕಾರಿನಲ್ಲಿ ಕೂತಳು.

ನದಿ ದೊಡ್ಡದಲ್ಲ. ಒಂದು ದಡದಲ್ಲಿ ಗೋದಾಮುಗಳು, ಇನ್ನೊಂದು ದಡದಲ್ಲಿ ಮರಗಳು, ಜಲ್ಲಿಕಲ್ಲಿನ ಸಣ್ಣ ಬಯಲು. ಅಲ್ಲಿ ಆಲ್ಡರ್ ಕಟ್ಟಿಗೆಯ ಬೆಂಕಿ ಉರಿಯುತ್ತಿತ್ತು. ಅಜ್ಜಿಯ ಅಕ್ಕನ ಮಗಳು ದೋಣಿಯಿಂದ ಮೀನನ್ನು ಎರಡೂ ಕೈಗಳಲ್ಲಿ, ಎಳೆಮಗುವನ್ನು ತರುವ ಹಾಗೆ ತಂದಳು. ಚರ್ಮದ ಡೋಲುಗಳನ್ನು ಬಾರಿಸುತ್ತ ಎಲ್ಲರೂ ತಮ್ಮ ಭಾಷೆಯಲ್ಲಿ ಹಾಡಿದರು. ಜರೀಗಿಡದ ಎಲೆ ಹಾಸಿ, ನದಿ ಹರಿದು ಬರುವ ಕಡೆಗೆ ತಲೆ ಮಾಡಿ ಮೀನನ್ನು ಮಲಗಿಸಿದರು.

"ತಲೆ ಯಾಕೆ ಮೇಲ್ಕಡೀಕೆ?" ಅವ್ವ ನನ್ನ ಕಿವಿಯಲ್ಲಿ ಕೇಳಿದಳು. ನಾನು ಅಜ್ಜಿಯನ್ನು ಕೇಳಿದೆ.

"ಇದರ ಹಿಂದೆ ಬರ್ತಾ ಇರೋರು ನೋಡ್ತಿರ್ತಾರೆ. ಇದು ತಿರುಗಿ ಮಲಗಿದ್ರೆ ಅವರೂ ತಿರುಗಿ ಹೋಗಿಬಿಡ್ತಾರೆ."

ಮೀನನ್ನು ಸೀಳಿ, ಕಡ್ಡಿಗಳಿಗೆ ಸಿಕ್ಕಿಸಿ, ಬೆಂಕಿಯ ಸುತ್ತ ನೆಟ್ಟು ಬೇಯಿಸಿದರು. ಆಮೇಲೆ ಒಬ್ಬೊಬ್ಬರಿಗೂ ಬೆರಳಿನಷ್ಟು ಚೂರು. ಮಕ್ಕಳಿಗೂ ಅಷ್ಟೇ, ಹಿರಿಯರಿಗೂ ಅಷ್ಟೇ. ಅವ್ವನ ಕೈಗೂ ಒಂದು ಕಾಗದದ ತಟ್ಟೆ ಬಂತು. ಅವಳು ಅದನ್ನು ಎರಡೂ ಕೈಗಳಲ್ಲಿ ಹಿಡಿದು ನಿಂತೇ ಇದ್ದಳು.

"ಅವ್ವ, ಒಂದ್ ಚೂರು ಬಾಯಿಗಿಟ್ಕೊ. ತಿನ್ನದಿದ್ರೆ ಅವ್ರಿಗೆ ಬೇಜಾರಾಗ್ಬೋದು."

"ಆಯ್ತಾ ಇಲ್ಲ ಮಗಾ."

ಅಜ್ಜಿ ಅದನ್ನು ನೋಡಿ ಹತ್ತಿರ ಬಂದರು. ನನಗೆ ಬೇರೆ ದಾರಿಯಿರಲಿಲ್ಲ. ಅಪ್ಪನ ವಿಷಯ, ಮಡುವಿನಲ್ಲಿ ಸಿಕ್ಕಿದ್ದು, ಅವ್ವನ ಕಿವಿಗೆ ಬಿದ್ದ ಮಾತು, ಎಲ್ಲ ಅಲ್ಲೇ ನಿಂತು ಹೇಳಿದೆ. ನಾನೂ ಅದನ್ನು ಅಷ್ಟು ಉದ್ದಕ್ಕೆ ಯಾರಿಗೂ ಹೇಳಿದ್ದಿಲ್ಲ. ಇಂಗ್ಲಿಷಿನಲ್ಲಿ ಹೇಳಿದ್ದಕ್ಕೋ ಏನೋ, ಅಳದೆ ಮುಗಿಸಿದೆ.

ಅಜ್ಜಿ ಅವ್ವನ ಕೈಯಿಂದ ತಟ್ಟೆಯನ್ನು ಮೆಲ್ಲನೆ ತೆಗೆದುಕೊಂಡರು. "ಇವಳು ಮಾಡಿದ್ದು ತಪ್ಪಲ್ಲ ಅಂತ ಹೇಳು. ನಮ್ಮಜ್ಜಿ ಕಾಲದಲ್ಲಿ ನಮ್ಮ ಮನೆಯಲ್ಲೂ ಹೀಗೇ ಇತ್ತು. ನೀರಿಗೆ ಮನುಷ್ಯರನ್ನ ಕೊಟ್ಟೋರು ಹೊಸ ಮೀನು ಮುಟ್ತಿರಲಿಲ್ಲ. ಮೀನುಗಳಿಗೂ ಅದು ಗೊತ್ತಿರುತ್ತೆ, ಬೇಜಾರು ಮಾಡ್ಕೊಳ್ಳಲ್ಲ."

ಕನ್ನಡದಲ್ಲಿ ಹೇಳಿದೆ. ಅವ್ವ ಕೇಳಿದಳು: "ಎಷ್ಟು ದಿವ್ಸ ಮುಟ್ತಿರ್ಲಿಲ್ವಂತೆ?"

"ಯಾರಾದ್ರೂ ಹಿರಿಯರು ಬಂದು, ಸಾಕು ಅಂತ ತಮ್ಮ ಕೈಯಾರೆ ಕೊಡೋ ತನಕ" ಎಂದರು ಅಜ್ಜಿ.

ಅವ್ವ ನದಿಯ ಕಡೆ ತಿರುಗಿಕೊಂಡಳು. "ನಂಗ್ಯಾರೂ ಕೊಡಕ್ ಬರ್ನಿಲ್ಲ ಕನಕ್ಕ" ಎಂದಳು. ಅದನ್ನು ನಾನು ಅನುವಾದ ಮಾಡುವ ಮೊದಲೇ ಅಜ್ಜಿ ಅವಳ ಭುಜದ ಮೇಲೆ ಕೈ ಹಾಕಿದ್ದರು.

ಅವತ್ತು ಅವರು ತಿನ್ನು ಎನ್ನಲಿಲ್ಲ. ಮುಳ್ಳುಗಳನ್ನೆಲ್ಲ ಆರಿಸಿ ಸೀಡರ್ ಮರದ ಸೊಪ್ಪಿನ ಮೇಲೆ ಇಟ್ಟರು. ಅದನ್ನು ನೀರಿಗೆ ಬಿಡಲು ಹೋಗುವಾಗ ಅವ್ವನ ತೋಳು ಹಿಡಿದು ಜೊತೆಗೆ ಕರೆದುಕೊಂಡು ಹೋದರು. ಅವ್ವ ಶೂ ಕಳಚಿ ದಡದಲ್ಲಿಟ್ಟು ಪಾದ ಮುಳುಗುವಷ್ಟು ನೀರಿಗೆ ಇಳಿದಳು. ಅಪ್ಪ ಹೋದ ಮೇಲೆ ಅವಳು ಹೊಳೆಗೆ ಇಳಿದದ್ದು ನಾನು ನೋಡಿದ್ದು ಅದೇ ಮೊದಲು. ಸೊಪ್ಪು ತಿರುಗುತ್ತ ತಿರುಗುತ್ತ ನಡುನೀರಿಗೆ ಹೋಯಿತು.

ಹಿಂತಿರುಗುವಾಗ ಫ್ರೀವೇಯಲ್ಲಿ ಟ್ರಾಫಿಕ್ಕು. ಮಗಳು ನಿದ್ದೆ ಹೋಗಿದ್ದಳು. ಅವ್ವ ನನ್ನ ಕಡೆ ತಿರುಗಿ, "ಆ ಮುಳ್ಳು ಮತ್ತೆ ಮನುಸ್ರಾಯ್ತವಂತಾ?" ಅಂದಳು.

"ಹಂಗಂತ ಅವ್ರು ನಂಬ್ತಾರೆ ಅವ್ವ."

"ನಿಮ್ಮಪ್ಪನ ಮೂಳೆನೂ ನಮ್ ಹೊಳೆಗೇ ಬುಟ್ವಲ್ಲ" ಎಂದಳು.

ನನ್ನ ಗಂಡ ರೇಡಿಯೋ ಆರಿಸಿದ.

ಬೇಸಿಗೆಯೆಲ್ಲ ಅವರಿಬ್ಬರದು ಅದೇ ಬಲೆ, ಅದೇ ಬಕೆಟ್ಟು. ಅಜ್ಜಿಯ ಅಂಗಳದ ಬ್ಲ್ಯಾಕ್‌ಬೆರಿಯಲ್ಲಿ ಅವ್ವ ಹುಳಿ ಗೊಜ್ಜು ಮಾಡಿದಳು. ಅಜ್ಜಿ ರಾಗಿ ಮುದ್ದೆಯನ್ನು ಅಗಿದು ತಿನ್ನಲು ಹೋಗಿ ಹಲ್ಲುಸೆಟ್ಟು ಕಿತ್ತು ಬಂತು; ನುಂಗಬೇಕು ಅಂತ ಅವ್ವ ಗಂಟಲು ಮುಟ್ಟಿ ತೋರಿಸಿದಳು. ಒಂದು ದಿನ ಅಜ್ಜಿ ತಮ್ಮ ಚಿಕ್ಕಪ್ಪನ ಮಾತು ತೆಗೆದರು. ತಮ್ಮದೇ ನದಿಯಲ್ಲಿ ಬಲೆ ಬಿಟ್ಟಿದ್ದಕ್ಕೆ ಪೊಲೀಸರು ಅವನನ್ನು ಹಿಡಿದುಕೊಂಡು ಹೋಗಿದ್ದರಂತೆ. ಆಗ ಅಜ್ಜಿ ಇನ್ನೂ ಹುಡುಗಿ. ಅವ್ವ ತಲೆಯಾಡಿಸಿ, "ನಮ್ಮಲ್ಲೂ ಹೊಳೆನ ಗುತ್ತಿಗೆಗೆ ಕೊಟ್ಬುಟ್ರು. ನಮ್ ಮೀನ ನಾವೇ ಕದ್ದು ಹಿಡಿಯಂಗಾಯ್ತು" ಅಂದಳು.

ಸೆಪ್ಟೆಂಬರ್ ಕೊನೆಯಲ್ಲಿ ಸಾಲ್ಮನ್‌ಗಳು ಊರೊಳಗಿನ ತೊರೆಗಳವರೆಗೂ ಬಂದವು. ನಮ್ಮ ಮನೆಗೆ ಹತ್ತಿರದ ಒಂದು ತೊರೆಗೆ ಅಜ್ಜಿ ನಮ್ಮನ್ನು ಕರೆದುಕೊಂಡು ಹೋದರು. ಮೊಣಕಾಲಿನಷ್ಟೂ ಇಲ್ಲದ ನೀರು. ಅದರಲ್ಲಿ ತೋಳುದ್ದದ ಮೀನುಗಳು ಬೆನ್ನು ಕಾಣಿಸುತ್ತ, ಕಲ್ಲುಗಳಿಗೆ ಉಜ್ಜಿಕೊಳ್ಳುತ್ತ ಮೇಲೆ ಹೋಗುತ್ತಿದ್ದವು. ಬಾಲಗಳು ಹರಿದು ಹಿಂಜಿದ ಹತ್ತಿಯಾಗಿದ್ದವು. ಮೊಟ್ಟೆಯಿಟ್ಟು ಮುಗಿಸಿದವು ದಡದಲ್ಲಿ ಸತ್ತು ಬಿದ್ದಿದ್ದವು, ಅವುಗಳ ಮೇಲೆ ಕಾಗೆಗಳು. ಮಗಳು ಮೂಗು ಮುಚ್ಚಿಕೊಂಡು ಸೇತುವೆಗೆ ಓಡಿದಳು. ಅವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ ದಡದಲ್ಲಿ ಕುಕ್ಕರುಗಾಲಿನಲ್ಲಿ ಕೂತಳು.

"ಇವು ಇಷ್ಟು ಬಡವಾಗವೆ, ಏನ್ ತಿಂತವೆ?" ಅಂದಳು.

"ಏನೂ ತಿನ್ನಲ್ಲ" ಎಂದರು ಅಜ್ಜಿ. "ಸಮುದ್ರ ಬಿಟ್ಟು ನದಿಗೆ ಬಂದ ಮೇಲೆ ಇವು ತುತ್ತು ಮುಟ್ಟಲ್ಲ."

ಅವ್ವ ನನ್ನ ಮುಖ ನೋಡಿದಳು. ನಾನು ತಪ್ಪು ಹೇಳಿದೆ ಅಂದುಕೊಂಡಿದ್ದಳು. "ಸರ್ಯಾಗ್ ಕೇಳು ಮಗಾ. ಹೊಳೇಲಿ ಏನೂ ಮುಟ್ಟಲ್ವಾ?"

ಮತ್ತೆ ಕೇಳಿದೆ. ಅಜ್ಜಿಗೆ ಅವಳು ಏನು ಕೇಳುತ್ತಿದ್ದಾಳೆಂದು ಅರ್ಥವಾಯಿತು. ಮಂಡಿ ನೋವಿದ್ದರೂ ಅವ್ವನ ಪಕ್ಕದಲ್ಲಿ ಕಷ್ಟಪಟ್ಟು ಕೂತು, ಅವಳ ಕಣ್ಣು ನೋಡಿ, ಇಂಗ್ಲಿಷಿನಲ್ಲಿಯೇ ನಿಧಾನವಾಗಿ ಹೇಳಿದರು. "ಏನನ್ನೂ ಮುಟ್ಟಲ್ಲ. ಯಾರನ್ನೂ ಮುಟ್ಟಲ್ಲ. ಕೊಡೋಕೆ ಅಂತಾನೇ ಬರ್ತವೆ."

ಅವ್ವ ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತಳು. ದನಿ ತೆಗೆದು ಅತ್ತಳು. ಸೇತುವೆಯ ಮೇಲೆ ಮೀನು ನೋಡುತ್ತಿದ್ದ ಜನ ಇತ್ತ ತಿರುಗಿದರು. ಅಜ್ಜಿ ಅವರ ಕಡೆ ಗಮನ ಕೊಡದೆ ಕೂತೇ ಇದ್ದರು. ಮಗಳು ಓಡಿ ಬಂದು ಅವ್ವನ ಬೆನ್ನು ತಬ್ಬಿಕೊಂಡು, "ಅಳ್ಬೇಡ" ಅಂದಳು. ಅವ್ವನ ಜೊತೆ ಅವಳು ಆ ಆರು ತಿಂಗಳಲ್ಲಿ ಕನ್ನಡದಲ್ಲಿ ಆಡಿದ ಮಾತುಗಳು ಬಹಳ ಕಡಿಮೆ. ಅದರಲ್ಲಿ ಇದೊಂದು.

ಮುಂದಿನ ಭಾನುವಾರ ಅಜ್ಜಿ ನಮ್ಮ ಮನೆಗೆ ಊಟಕ್ಕೆ ಬಂದರು. ಕೈಯಲ್ಲಿ ಹೊಗೆಯಲ್ಲಿ ಒಣಗಿಸಿ ಬಟ್ಟೆ ಸುತ್ತಿದ ಮೀನು. ಅವ್ವ ಬಿಸಿ ಮುದ್ದೆ, ಸೊಪ್ಪಿನ ಸಾರು ಮಾಡಿದ್ದಳು. ಎಲ್ಲರೂ ಕೂತ ಮೇಲೆ ಅಜ್ಜಿ ಬಟ್ಟೆ ಬಿಚ್ಚಿ, ಒಂದು ಚೂರು ಮುರಿದು, ಮುಳ್ಳಿದೆಯೇ ಎಂದು ಬೆರಳಲ್ಲಿ ಸವರಿ ನೋಡಿ, ಅವ್ವನ ಕಡೆ ಕೈ ಚಾಚಿದರು. ಮೊದಲು ತಮ್ಮ ಭಾಷೆಯಲ್ಲಿ ಏನೋ ಅಂದರು. ಆಮೇಲೆ, "ಸಾಕು, ಅವ್ವ" ಅಂದರು. ಸಾಕು ಅನ್ನುವುದನ್ನು ಅವರು ಮುದ್ದೆ ಬಡಿಸಿಕೊಳ್ಳುವಾಗಲೇ ಕಲಿತಿದ್ದರು.

ಅವ್ವ ಎರಡೂ ಕೈಯೊಡ್ಡಿ ಈಸಿಕೊಂಡು ಕಣ್ಣಿಗೆ ಒತ್ತಿಕೊಂಡಳು. ಬಾಯಿಗಿಟ್ಟುಕೊಂಡು ನಿಧಾನವಾಗಿ ಅಗಿದಳು. ನಾವ್ಯಾರೂ ತಟ್ಟೆ ಮುಟ್ಟಲಿಲ್ಲ.

"ಉಪ್ಪು ಜಾಸ್ತಿಯಾಗದೆ" ಅಂದಳು. ಆಮೇಲೆ ಇನ್ನೊಂದು ಚೂರು ತೆಗೆದುಕೊಂಡಳು.

ಅಕ್ಟೋಬರ್‌ನಲ್ಲಿ ಅವ್ವ ಊರಿಗೆ ಹೊರಟಳು. ಏರ್‌ಪೋರ್ಟಿನಲ್ಲಿ ಮುದುಕಿಯರಿಬ್ಬರೂ ಕೈ ಕೈ ಹಿಡಿದುಕೊಂಡು ಬೆಂಚಿನ ಮೇಲೆ ಕೂತಿದ್ದರು. ಊರಿಗೆ ಹೋದ ಮೇಲೂ ಅವಳು ಕಾವೇರಿ ಮೀನು ತಿನ್ನಲಿಲ್ಲ. ನಾನು ಕೇಳಿದರೆ, "ಅದು ಬ್ಯಾರೆ ಹೊಳೆ ಕನಮ್ಮಿ, ನೋಡಾನ" ಅನ್ನುತ್ತಿದ್ದಳು. ಆದರೆ ಮರುವರ್ಷ ಹೊಸ ನೀರು ಬಂದಾಗ ಅರಿಸಿನ, ಬಳೆ ತೆಗೆದುಕೊಂಡು ಹೋದಳಂತೆ. ಕೇರಿಯ ಹೆಂಗಸರು ಹಿಂದೆ ಸರಿದು ಅವಳಿಗೆ ಜಾಗ ಬಿಟ್ಟರಂತೆ. ತಮ್ಮ ಫೋನ್ ಮಾಡಿ ಹೇಳಿದ.

ಎದುರು ಮನೆ ಈಗಿಲ್ಲ. ಅಜ್ಜಿಗೆ ಬಾಗಿಲಿನ ಮೆಟ್ಟಿಲು ಹತ್ತುವುದೂ ಆಗದಾಗಿ ತಮ್ಮ ಅಕ್ಕನ ಮಗಳ ಮನೆಗೆ ಹೋದರು. ಹಳೆಯ ಮನೆಯನ್ನು ಕೆಡವಿ ನಮ್ಮದರಂಥವೇ ಮನೆಗಳನ್ನು ಕಟ್ಟಿದರು. ಈಗ ಅಲ್ಲಿ ಹೈದರಾಬಾದಿನವರು, ಒಳ್ಳೆಯ ಜನ. ಬೆಳಿಗ್ಗೆ ಪರದೆ ಸರಿಸುವಾಗ ನನಗೆ ಇವತ್ತಿಗೂ ಬೇಲಿಯ ಮೇಲಿನ ಹಸಿರು ಬಲೆಯೇ ಮೊದಲು ಕಣ್ಣಿಗೆ ಬರುತ್ತದೆ. ಬಲೆ ಒಣಗುವಾಗಿನ ವಾಸನೆ, ನಮ್ಮೂರಿನದೂ ಇಲ್ಲಿಯದೂ ಒಂದೇ.

ಕಳೆದ ತಿಂಗಳು ಅವ್ವ ಫೋನಿನಲ್ಲಿ ಒಂದು ಸುದ್ದಿ ಹೇಳಿದಳು. ನಮ್ಮ ಕೇರಿಯ ಒಬ್ಬ ಹೆಂಗಸಿನ ಮಗ ಎರಡು ವರ್ಷದ ಹಿಂದೆ ಹೊಳೆ ಪಾಲಾಗಿದ್ದ. ಅವಳೂ ಮೀನು ಬಿಟ್ಟಿದ್ದಳು, ಮನೆಯಿಂದ ಹೊರಗೇ ಬರುತ್ತಿರಲಿಲ್ಲ. ಅವ್ವ ಬಾಳೆಮೀನು ತರಿಸಿ, ಸಾರು ಮಾಡಿ, ಅವಳ ಮನೆಗೆ ಹೋಗಿ, ಸಾಕು ಅಂತ ಹೇಳಿ ಕೈಯಾರೆ ಕೊಟ್ಟಳಂತೆ. ಅವಳು ಒಬ್ಬಳೇ ತಿನ್ನಲೊಲ್ಲೆ ಅಂದಿದ್ದಕ್ಕೆ ತಾನೂ ಜೊತೆಗೆ ಕೂತು ತಿಂದಳಂತೆ.

"ಕಾವೇರಿ ಮೀನಾ ಅವ್ವ?"

"ಹೂಂ. ಕೊಡೋರು ಯಾರಾದ್ರೂ ಬೇಕಲ್ಲ ಮಗಾ."

ಆ ಶನಿವಾರ ಮಗಳನ್ನು ಕರೆದುಕೊಂಡು ಅಜ್ಜಿಯ ಹತ್ತಿರ ಹೋದೆ. ಅವರು ಕಿಟಕಿಯ ಪಕ್ಕದ ಕುರ್ಚಿಯಲ್ಲಿದ್ದರು. ಕಿವಿ ಮಂದವಾಗಿತ್ತು, ಹತ್ತಿರ ಕೂತು ಜೋರಾಗಿ ಹೇಳಬೇಕಾಯಿತು. ಎಲ್ಲ ಆಲಿಸಿ ಅವರು ಕೇಳಿದ್ದು ಒಂದೇ: ಅದು ಎಂಥ ಮೀನು?

ಬಾಳೆಮೀನಿಗೆ ಇಂಗ್ಲಿಷಿನಲ್ಲಿ ಏನನ್ನುತ್ತಾರೋ ನನಗೆ ಗೊತ್ತಿರಲಿಲ್ಲ. ಕೈ ಅಗಲಿಸಿ ಉದ್ದ ತೋರಿಸಿದೆ, ಬಾಯಿ ಅಗಲ ಅಂದೆ, ಬೆರಳುಗಳಲ್ಲಿ ಅದರ ಮೀಸೆ ಮಾಡಿ ತೋರಿಸಿದೆ. ಅಜ್ಜಿ ನಗತೊಡಗಿದರು. ಮಗಳು ಫೋನಿನಲ್ಲಿ ಚಿತ್ರ ಹುಡುಕಿ ಅವರ ಕೈಗೆ ಕೊಟ್ಟಳು, ಅವರು ಕನ್ನಡಕ ಮೇಲೆತ್ತಿ ಅದನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದರು.